ಒಂದೇ ಕೋಡ್‌ಇಗ್ನೈಟರ್, ಮೂರು ಆ್ಯಪ್: ಒಂದೇ ಸರ್ವರ್‌ನಲ್ಲಿ ಹೊಂದಿಸುವ ಬಗೆ

ದಾವಣಗೆರೆಯಲ್ಲಿ ಕೂತು ಸಣ್ಣ ಗಿರಾಕಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರ ಕೆಲಸ ಹೆಚ್ಚುಕಮ್ಮಿ ಒಂದೇ ಥರ ಬೆಳೆಯುತ್ತದೆ. ಮೊದಲು ಮೆಕ್ಕೆಜೋಳದ ಮಂಡಿಯವರೊಬ್ಬರು ಲೆಕ್ಕದ ಆ್ಯಪ್ ಕೇಳುತ್ತಾರೆ. ಅವರ ಮಗಳ ಮದುವೆ ನಡೆದ ಕಲ್ಯಾಣ ಮಂಟಪದವರು ಅದನ್ನು ನೋಡಿ, ನಮಗೂ ಬುಕಿಂಗ್‌ಗೆ ಒಂದು ಮಾಡಿಕೊಡಿ ಅನ್ನುತ್ತಾರೆ. ಮಂಟಪದವರ ಭಾವಮೈದುನನದು ಒಂದು ಹಾಸ್ಟೆಲ್ ಇರುತ್ತದೆ. ಫೀ ರಸೀದಿಗೆ ಮೂರನೆಯದು. ಮೂರೂ ಪಿಎಚ್‌ಪಿ ಭಾಷೆ, ಮೂರೂ ಕೋಡ್‌ಇಗ್ನೈಟರ್ ಅನ್ನುವ ಫ್ರೇಮ್‌ವರ್ಕ್ (ವೆಬ್ ಆ್ಯಪ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡಿನ ಚೌಕಟ್ಟು), ಮೂರೂ ಅದೇ ಸಣ್ಣ ಬಾಡಿಗೆ ಸರ್ವರ್ ಮೇಲೆ.

ನನ್ನದೂ ಹಾಗೇ ಆಯಿತು. ಮೂರು ಫೋಲ್ಡರ್, ಒಂದೊಂದರಲ್ಲೂ ಫ್ರೇಮ್‌ವರ್ಕಿನ ಒಂದೊಂದು ಪ್ರತಿ. ಒಂದು ಸಲ ಭದ್ರತೆಯ ತಿದ್ದುಪಡಿ ಬಂತು. ಮಂಡಿಗೆ ಹಾಕಿದೆ, ಮಂಟಪಕ್ಕೆ ಹಾಕಿದೆ. ಹಾಸ್ಟೆಲ್‌ಗೂ ಹಾಕಿದ್ದೇನೆ ಅಂದುಕೊಂಡು ಊಟಕ್ಕೆ ಎದ್ದೆ. ಹಾಕಿರಲಿಲ್ಲ ಅಂತ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ, ಬೇರೇನೋ ಹುಡುಕುವಾಗ. ಅವತ್ತೇ ಮೂರಕ್ಕೂ ಒಂದೇ ಫ್ರೇಮ್‌ವರ್ಕ್ ಇಡೋಣ ಅಂತ ತೀರ್ಮಾನ ಮಾಡಿದೆ.

ಡಿಸ್ಕ್ ಜಾಗ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಳಿಯುವುದು ಕೆಲವು ಎಂಬಿ ಅಷ್ಟೇ. ಲಾಭ ಇರುವುದು ತಿದ್ದುಪಡಿಯಲ್ಲಿ: ಒಂದು ಕಡೆ ಹಾಕಿದರೆ ಮೂರಕ್ಕೂ ಆಯಿತು. ನಷ್ಟ ಇರುವುದೂ ಅಲ್ಲೇ: ಒಂದು ಕಡೆ ಕೆಟ್ಟರೆ ಮೂರೂ ಕೆಡುತ್ತವೆ. ಹಾಗಾಗಿ ನನ್ನ ಪದ್ಧತಿ ಬೆಣ್ಣೆ ದೋಸೆ ಹೋಟೆಲ್ಲಿನದು. ಕಾವಲಿ ಒಂದೇ. ಖಾಲಿ, ಬೆಣ್ಣೆ, ಓಪನ್ ಮೂರೂ ಅದರ ಮೇಲೇ ಹುಯ್ಯುತ್ತಾರೆ. ಆದರೆ ತಟ್ಟೆ ಬೇರೆ, ಬಿಲ್ಲು ಬೇರೆ. ಫ್ರೇಮ್‌ವರ್ಕ್ ಬಿಟ್ಟು ಇನ್ನೇನನ್ನೂ ಹಂಚಿಕೊಳ್ಳಬಾರದು.

ಇಲ್ಲಿ ಹೇಳುವುದೆಲ್ಲ ಕೋಡ್‌ಇಗ್ನೈಟರ್ 4ಕ್ಕೆ. ಫೈಲು, ಫೋಲ್ಡರುಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು, ದೊಡ್ಡಕ್ಷರ ಚಿಕ್ಕಕ್ಷರ ನೋಡಿಕೊಂಡು. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ.

ಮೊದಲು ಪಿಎಚ್‌ಪಿ ನೋಡಿಕೊಳ್ಳಿ

ಕೋಡ್‌ಇಗ್ನೈಟರ್ 4.0 ಬಂದಿದ್ದು 2020ರ ಫೆಬ್ರವರಿಯಲ್ಲಿ, ಆಗ ಪಿಎಚ್‌ಪಿ 7.2 ಸಾಕಿತ್ತು. 4.5ಕ್ಕೆ ಕನಿಷ್ಠ 8.1 ಬೇಕಾಯಿತು, ಅದಕ್ಕಿಂತ ಹೊಸದಕ್ಕೆ ಇನ್ನೂ ಮೇಲಿನದು ಬೇಕಾಗಬಹುದು. ಜೊತೆಗೆ ಇಂಟ್ಲ್ ಮತ್ತು ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಷನ್ ಇರಬೇಕು. ಟರ್ಮಿನಲ್‌ನಲ್ಲಿ ಪಿಎಚ್‌ಪಿ ಆವೃತ್ತಿ ಕೇಳಿದರೆ ಬರುವ ಉತ್ತರ ಟರ್ಮಿನಲ್‌ಗೆ ಮಾತ್ರ ಸೇರಿದ್ದು. ವೆಬ್‌ಸರ್ವರ್ ಬಳಸುವ ಎಫ್‌ಪಿಎಂ (ವೆಬ್‌ಸರ್ವರ್ ಪರವಾಗಿ ಪಿಎಚ್‌ಪಿ ಓಡಿಸುವ ಭಾಗ) ಬೇರೆ ಆವೃತ್ತಿಯದು ಇರಬಹುದು. ಸರ್ವರ್ ಹಳೆಯದಾದಷ್ಟೂ ಈ ಎರಡು ಬೇರೆಯಾಗಿರುವುದು ಜಾಸ್ತಿ. ಎರಡನ್ನೂ ನೋಡಿ.

ಫೋಲ್ಡರುಗಳನ್ನು ಜೋಡಿಸುವುದು

ಸರ್ವರ್‌ನಲ್ಲಿ 'ಆ್ಯಪ್ಸ್' ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ನಾಲ್ಕು: ಕಾಮನ್-1, ಮಂಡಿ, ಮಂಟಪ, ಹಾಸ್ಟೆಲ್. ಕಾಮನ್ ಪಕ್ಕದ ಆ 1 ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ. ಈಗ ಸುಮ್ನೆ ಇಡಿ.

ಕಾಮನ್-1 ಒಳಗೆ ಹೋಗಿ ಕಂಪೋಸರ್‌ನ (ಪಿಎಚ್‌ಪಿ ಪ್ಯಾಕೇಜುಗಳನ್ನು ತರಿಸುವ ಸಲಕರಣೆ) ರಿಕ್ವೈರ್ ಆದೇಶ ಕೊಟ್ಟು 'ಕೋಡ್‌ಇಗ್ನೈಟರ್4/ಫ್ರೇಮ್‌ವರ್ಕ್' ಪ್ಯಾಕೇಜ್ ತರಿಸಿ. ವೆಂಡರ್ ಫೋಲ್ಡರ್, ಕಂಪೋಸರ್ ಜೇಸನ್, ಲಾಕ್ ಫೈಲ್ ಬರುತ್ತವೆ. ಇದೇ ನಮ್ಮ ಕಾವಲಿ.

ಆಮೇಲೆ ಮಂಡಿ, ಮಂಟಪ, ಹಾಸ್ಟೆಲ್ ಒಂದೊಂದನ್ನೂ ಮಾಮೂಲಿ ಆ್ಯಪ್‌ಸ್ಟಾರ್ಟರ್‌ನಿಂದ (ಕೋಡ್‌ಇಗ್ನೈಟರ್‌ನವರೇ ಕೊಡುವ ಖಾಲಿ ಆ್ಯಪ್) ಶುರುಮಾಡಿ. ಈಗಾಗಲೇ ಓಡುತ್ತಿರುವ ಆ್ಯಪ್ ಇದ್ದರೆ ಹಾಗೇ ತಂದಿಡಿ. ಪ್ರತಿಯೊಂದರಲ್ಲೂ ಆ್ಯಪ್, ಪಬ್ಲಿಕ್, ರೈಟಬಲ್ ಫೋಲ್ಡರುಗಳು, ಸ್ಪಾರ್ಕ್ ಫೈಲು (ಟರ್ಮಿನಲ್‌ನಿಂದ ಆದೇಶ ಕೊಡಲು), ಡಾಟ್ ಎನ್ವ್ ಫೈಲು (ಪಾಸ್‌ವರ್ಡ್ ಮುಂತಾದ ಸೆಟ್ಟಿಂಗ್ ಬರೆಯಲು) ಇರಬೇಕು. ವೆಂಡರ್ ಫೋಲ್ಡರ್, ಕಂಪೋಸರ್ ಜೇಸನ್, ಲಾಕ್ ಮೂರನ್ನೂ ಅಳಿಸಿ. ಕಂಪೋಸರ್ ಜೇಸನ್ ಉಳಿಸಿದರೆ ಮುಂದೊಂದು ದಿನ ಯಾರೋ ಅಲ್ಲಿ ನಿಂತು ಇನ್‌ಸ್ಟಾಲ್ ಕೊಟ್ಟು ಇನ್ನೊಂದು ಪ್ರತಿ ತರಿಸುತ್ತಾರೆ. ಆ ಯಾರೋ ಬಹುತೇಕ ನೀವೇ ಆಗಿರುತ್ತೀರಿ.

ಇಲ್ಲಿ ಒಂದು ಗುಂಡಿ ಇದೆ. ಸ್ಟಾರ್ಟರ್‌ನ ಕಂಪೋಸರ್ ಜೇಸನ್ ಅನ್ನೇ ಕಾಮನ್-1ಕ್ಕೆ ನಕಲು ಮಾಡಿ ಕೆಲಸ ಮುಗಿಸೋಣ ಅನ್ನಿಸುತ್ತದೆ. ಮಾಡಬೇಡಿ. ಅದರಲ್ಲಿ ಆಟೋಲೋಡ್ ಭಾಗ ಇದ್ದರೆ ಅದು 'ಆ್ಯಪ್' ಅನ್ನುವ ನೇಮ್‌ಸ್ಪೇಸನ್ನು (ಕ್ಲಾಸುಗಳ ಮನೆತನದ ಹೆಸರು ಇದ್ದ ಹಾಗೆ) ತನ್ನ ಪಕ್ಕದ ಒಂದೇ ಫೋಲ್ಡರಿಗೆ ಕಟ್ಟಿಹಾಕುತ್ತದೆ. ನಮ್ಮಲ್ಲಿ ಮೂರು ಆ್ಯಪ್ ಇವೆ, ಮೂರಕ್ಕೂ ಅದೇ ನೇಮ್‌ಸ್ಪೇಸ್. ಯಾವುದಕ್ಕೆ ಯಾವುದು ಸಿಗಬೇಕು ಅಂತ ಕಂಪೋಸರ್‌ಗೆ ಹೇಗೆ ಗೊತ್ತಾಗಬೇಕು? ಕಾಮನ್‌ನ ಜೇಸನ್‌ನಲ್ಲಿ ಬೇಕಾದ ಪ್ಯಾಕೇಜುಗಳ ಪಟ್ಟಿ ಮಾತ್ರ ಇರಲಿ. ಆ್ಯಪ್‌ನ ಕ್ಲಾಸುಗಳನ್ನು ಹುಡುಕುವ ಕೆಲಸವನ್ನು ಆಯಾ ಆ್ಯಪ್‌ನ ಕಾನ್ಫಿಗ್ ಒಳಗಿನ ಆಟೋಲೋಡ್ ಫೈಲು ನೋಡಿಕೊಳ್ಳುತ್ತದೆ.

ಎರಡು ಫೈಲು, ಕೆಲವು ಚುಕ್ಕಿ

ಇಡೀ ಹೊಂದಾಣಿಕೆಯ ಜೀವ ಇರುವುದು ಎರಡು ಸಾಲಿನಲ್ಲಿ.

ಮೊದಲನೆಯದು, ಆ್ಯಪ್ ಫೋಲ್ಡರಿನ ಕಾನ್ಫಿಗ್ ಒಳಗಿರುವ ಪಾತ್ಸ್ ಫೈಲು. ಅದರಲ್ಲಿ ಸಿಸ್ಟಮ್ ಡೈರೆಕ್ಟರಿ ಎಲ್ಲಿದೆ ಅಂತ ಬರೆದಿರುತ್ತದೆ. ಹೊಸದಾಗಿ ತಂದಾಗ ಹೀಗಿರುತ್ತದೆ:

/../../ವೆಂಡರ್/ಕೋಡ್‌ಇಗ್ನೈಟರ್4/ಫ್ರೇಮ್‌ವರ್ಕ್/ಸಿಸ್ಟಮ್

ಇದನ್ನು ಹೀಗೆ ಮಾಡಿ:

/../../../ಕಾಮನ್-1/ವೆಂಡರ್/ಕೋಡ್‌ಇಗ್ನೈಟರ್4/ಫ್ರೇಮ್‌ವರ್ಕ್/ಸಿಸ್ಟಮ್

ಎಷ್ಟು ಜೋಡಿ ಚುಕ್ಕಿ ಅಂತ ಬೆರಳಿನಲ್ಲಿ ಎಣಿಸಿ. ನಾವು ನಿಂತಿರುವುದು ಮಂಡಿ, ಅದರೊಳಗೆ ಆ್ಯಪ್, ಅದರೊಳಗೆ ಕಾನ್ಫಿಗ್. ಒಂದು ಹೆಜ್ಜೆ ಹಿಂದಿಟ್ಟರೆ ಆ್ಯಪ್. ಎರಡಿಟ್ಟರೆ ಮಂಡಿ. ಮೂರಿಟ್ಟರೆ ಆ್ಯಪ್ಸ್ ಫೋಲ್ಡರಿನ ಅಂಗಳ. ಕಾಮನ್-1 ಇರುವುದು ಆ ಅಂಗಳದಲ್ಲಿ. ಹಾಗಾಗಿ ಮೂರು. ಇಲ್ಲಿ ಒಂದು ತಪ್ಪಿದರೆ ಪೇಜೇ ತೆರೆಯುವುದಿಲ್ಲ, ಅಂಥ ಫೈಲೇ ಇಲ್ಲ ಅಂತ ಪಿಎಚ್‌ಪಿ ಕೂಗುತ್ತದೆ. ಇದು ಒಳ್ಳೆಯ ತಪ್ಪು. ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ಹಾಗಲ್ಲ. ಅದೇ ಕಾನ್ಫಿಗ್ ಫೋಲ್ಡರಿನ ಕಾನ್ಸ್ಟಂಟ್ಸ್ ಫೈಲಿನಲ್ಲಿ ಕಂಪೋಸರ್ ಪಾತ್ ಅನ್ನುವ ಸ್ಥಿರಾಂಕ ಇದೆ. ಅದು ರೂಟ್‌ಪಾತ್‌ಗೆ 'ವೆಂಡರ್/ಆಟೋಲೋಡ್ ಪಿಎಚ್‌ಪಿ' ಸೇರಿಸಿ ಮಾಡಿದ್ದು. ಅದನ್ನು '../ಕಾಮನ್-1/ವೆಂಡರ್/ಆಟೋಲೋಡ್ ಪಿಎಚ್‌ಪಿ' ಅಂತ ಬದಲಿಸಿ. ಇಲ್ಲಿ ಒಂದೇ ಹೆಜ್ಜೆ ಹಿಂದೆ. ರೂಟ್‌ಪಾತ್ ಅಂದರೆ ಮಂಡಿ ಫೋಲ್ಡರೇ ಆದ್ದರಿಂದ.

ಇದನ್ನು ಮರೆತರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದೇ ತೊಂದರೆ. ಆ ಫೈಲು ಇದ್ದರೆ ಮಾತ್ರ ಕೋಡ್‌ಇಗ್ನೈಟರ್ ಅದನ್ನು ತೆರೆಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ. ತನಗೆ ಬೇಕಾದ ಕ್ಲಾಸುಗಳನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಲಾಗಿನ್ ಪೇಜ್ ಬಂತು, ಪಟ್ಟಿ ಬಂತು, ಎಲ್ಲ ಸರಿ ಅಂತ ನೀವು ಚಹಾ ಕುಡಿಯಲು ಹೋಗುತ್ತೀರಿ. ಸಂಜೆ ಮಂಡಿಯ ಗುಮಾಸ್ತರು ಪಿಡಿಎಫ್ ಬಿಲ್ ಒತ್ತುತ್ತಾರೆ. ಪಿಡಿಎಫ್ ಲೈಬ್ರರಿ ಕಂಪೋಸರ್‌ನಿಂದ ಬಂದದ್ದು. ಕ್ಲಾಸ್ ಸಿಗಲಿಲ್ಲ ಅಂತ ಎರರ್. ಮೆಕ್ಕೆಜೋಳದ ಸೀಸನ್ನಿನಲ್ಲಿ, ಬಾಗಿಲಲ್ಲಿ ಲೋಡು ಲಾರಿ ನಿಂತಿರುವಾಗ, ಇದು ಕೇಳಬೇಕಾದ ಮಾತಲ್ಲ.

ಪಬ್ಲಿಕ್ ಒಳಗಿನ ಇಂಡೆಕ್ಸ್ ಫೈಲನ್ನಾಗಲಿ, ಸ್ಪಾರ್ಕ್ ಅನ್ನಾಗಲಿ ಮುಟ್ಟಬೇಕಾಗಿಲ್ಲ. ಅವೆರಡೂ ಪಾತ್ಸ್ ಫೈಲನ್ನೇ ಕೇಳಿಕೊಂಡು ಹೋಗುತ್ತವೆ.

ಈಗ ಮಂಡಿ ಫೋಲ್ಡರಿನಲ್ಲಿ ನಿಂತು ಸ್ಪಾರ್ಕ್ ಓಡಿಸಿ. ಮೇಲ್ಗಡೆ ಕೋಡ್‌ಇಗ್ನೈಟರ್ ಆವೃತ್ತಿ ಬಂದರೆ ಮೊದಲ ಸಾಲು ಸರಿ. ಕಂಪೋಸರ್‌ನಿಂದ ಬಂದ ಯಾವುದಾದರೂ ಲೈಬ್ರರಿ ಬಳಸುವ ಪೇಜನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಅದು ಬಂದರೆ ಎರಡನೆಯದೂ ಸರಿ. ಮಂಟಪ, ಹಾಸ್ಟೆಲ್‌ಗೂ ಇದೇ.

ನಿಮ್ಮದು ಇನ್ನೂ ಕೋಡ್‌ಇಗ್ನೈಟರ್ 3 ಆಗಿದ್ದರೆ ದಾರಿ ಬೇರೆ. ಅಲ್ಲಿ ಅಪ್ಲಿಕೇಶನ್ ಫೋಲ್ಡರಿನ ಒಳಗೆ ಒಂದೊಂದು ಆ್ಯಪ್‌ಗೆ ಒಂದೊಂದು ಉಪಫೋಲ್ಡರ್ ಮಾಡುತ್ತಾರೆ. ಒಂದೊಂದಕ್ಕೂ ಬೇರೆ ಇಂಡೆಕ್ಸ್ ಫೈಲ್ ಇಟ್ಟು, ಅದರಲ್ಲಿ ಅಪ್ಲಿಕೇಶನ್ ಫೋಲ್ಡರ್ ಅನ್ನುವ ವೇರಿಯಬಲ್ ಬದಲಿಸುತ್ತಾರೆ. ಅಷ್ಟೇ.

ವೆಬ್‌ಸರ್ವರ್: ಬಾಗಿಲು ಪಬ್ಲಿಕ್‌ಗೆ ಮಾತ್ರ

ವೆಬ್‌ಸರ್ವರ್ ಎಂಜಿನ್‌ಎಕ್ಸ್ ಆದರೆ ಒಂದೊಂದು ಆ್ಯಪ್‌ಗೂ ಒಂದೊಂದು ಸರ್ವರ್ ಬ್ಲಾಕ್. ಸರ್ವರ್ ನೇಮ್ ಬೇರೆ, ರೂಟ್ ಬೇರೆ. ರೂಟ್ ಅಂದರೆ ಮಂಡಿ ಫೋಲ್ಡರಲ್ಲ, ಮಂಡಿ ಒಳಗಿನ ಪಬ್ಲಿಕ್. ಇಲ್ಲಿ ಸೋಮಾರಿತನ ಮಾಡಿ ಒಂದು ಮೆಟ್ಟಿಲು ಮೇಲೆ ತೋರಿಸಿದರೆ ಡಾಟ್ ಎನ್ವ್ ಫೈಲು ಬ್ರೌಸರ್‌ನಲ್ಲಿ ತೆರೆದುಕೊಳ್ಳಬಹುದು. ಡೇಟಾಬೇಸ್ ಪಾಸ್‌ವರ್ಡ್ ಊರಿಗೆಲ್ಲ ಡಂಗುರ. ಟ್ರೈ ಫೈಲ್ಸ್ ಸಾಲಿನಲ್ಲಿ, ಕೇಳಿದ ಫೈಲು ಇದ್ದರೆ ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಪಿಎಚ್‌ಪಿಗೆ ಕಳಿಸು ಅಂತ ಇರಲಿ. ಅಪಾಚೆ ಆದರೆ ಒಂದೊಂದಕ್ಕೆ ಒಂದು ವರ್ಚುವಲ್ ಹೋಸ್ಟ್. ರೀರೈಟ್ ಮಾಡ್ಯೂಲ್ ಆನ್ ಇರಲಿ, ಪಬ್ಲಿಕ್ ಒಳಗಿನ ಎಚ್‌ಟಿ ಆ್ಯಕ್ಸೆಸ್ ಫೈಲನ್ನು ಓದಲು ಅನುಮತಿ ಇರಲಿ.

ಎಫ್‌ಪಿಎಂನಲ್ಲಿ ಮೂರಕ್ಕೂ ಬೇರೆ ಬೇರೆ ಪೂಲ್ (ಪಿಎಚ್‌ಪಿ ಓಡಿಸುವ ಪ್ರೋಸೆಸ್‌ಗಳ ಗುಂಪು) ಮಾಡಿ, ಬೇರೆ ಬೇರೆ ಲಿನಕ್ಸ್ ಯೂಸರ್ ಕೊಡಿ. ಮಂಟಪದ ಪೂಲ್ ಮಂಡಿಯ ಫೋಲ್ಡರನ್ನು ಓದಲು ಆಗಬಾರದು. ಓಪನ್ ಬೇಸ್‌ಡಿರ್ (ಪಿಎಚ್‌ಪಿ ಮುಟ್ಟಬಹುದಾದ ಫೋಲ್ಡರುಗಳ ಪಟ್ಟಿ) ಹಾಕುವುದಾದರೆ ಆ ಪಟ್ಟಿಯಲ್ಲಿ ಕಾಮನ್-1 ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಫ್ರೇಮ್‌ವರ್ಕೇ ಸಿಗುವುದಿಲ್ಲ.

ಅನುಮತಿಗಳು ಹೀಗಿರಲಿ: ಕಾಮನ್-1 ಅನ್ನು ಮೂರೂ ಯೂಸರ್ ಓದಬಹುದು, ಯಾರೂ ಬರೆಯಬಾರದು. ರೈಟಬಲ್ ಫೋಲ್ಡರಿನಲ್ಲಿ ಆಯಾ ಯೂಸರ್ ಮಾತ್ರ ಬರೆಯಬಹುದು. ಎಲ್ಲಕ್ಕೂ 777 (ಯಾರು ಬೇಕಾದರೂ ಓದಬಹುದು, ಬರೆಯಬಹುದು) ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಮೂರು ಆ್ಯಪ್ ಒಂದೇ ಫ್ರೇಮ್‌ವರ್ಕ್ ಮೇಲೆ ನಿಂತಿರುವಾಗ, ಒಂದರ ಅಪ್‌ಲೋಡ್ ಪೇಜಿನಿಂದ ನುಗ್ಗಿದವನು ಕಾಮನ್ ಒಳಗೆ ಒಂದು ಸಾಲು ಬರೆದರೆ ಮೂರೂ ಅವನ ಕೈಗೆ ಹೋದಂತೆ. ಕೋಟೆಗೆ ಏಳು ಸುತ್ತು ಇದ್ದರೂ ಒಂದು ಕಿಂಡಿಯಿಂದ ಏನಾಗುತ್ತದೆ ಅಂತ ಪಕ್ಕದ ದುರ್ಗದವರಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಡಾಟ್ ಎನ್ವ್: ನಕಲು ಮಾಡಿದರೆ ಕೆಟ್ಟಿರಿ

ಮೂರು ಆ್ಯಪ್‌ಗೆ ಮೂರು ಡಾಟ್ ಎನ್ವ್. ಎನ್ವಿರಾನ್‌ಮೆಂಟ್ ಅನ್ನು ಪ್ರೊಡಕ್ಷನ್ ಮಾಡಿ. ಬೇಸ್ ಯುಆರ್‌ಎಲ್ ಆಯಾ ವಿಳಾಸ, ಕೊನೆಯಲ್ಲಿ ಓರೆಗೆರೆ ಇರಲೇಬೇಕು. ಎನ್‌ಕ್ರಿಪ್ಷನ್ ಕೀಯನ್ನು ಒಂದೊಂದರಲ್ಲೂ ಸ್ಪಾರ್ಕ್‌ನ ಕೀ ಜನರೇಟ್ ಆದೇಶದಿಂದ ಹೊಸದಾಗಿ ಮಾಡಿಸಿ. ಡೇಟಾಬೇಸ್ ಬೇರೆ, ಅದರ ಯೂಸರ್ ಬೇರೆ, ಆ ಯೂಸರ್‌ಗೆ ತನ್ನ ಡೇಟಾಬೇಸ್ ಮೇಲೆ ಮಾತ್ರ ಅಧಿಕಾರ. ಒಂದೇ ಡೇಟಾಬೇಸ್ ಇಡಬೇಕಾದ ಅನಿವಾರ್ಯ ಇದ್ದರೆ ಟೇಬಲ್ ಪ್ರಿಫಿಕ್ಸ್ ಬೇರೆ ಕೊಡಿ. ಇಲ್ಲದಿದ್ದರೆ ಮೂರೂ ಆ್ಯಪ್ ಒಂದೇ ಮೈಗ್ರೇಷನ್ಸ್ (ಡೇಟಾಬೇಸ್ ಬದಲಾವಣೆಗಳ ದಾಖಲೆ) ಟೇಬಲ್ಲಿನಲ್ಲಿ ಬರೆದು, ಯಾವುದು ಓಡಿದೆ ಯಾವುದು ಓಡಿಲ್ಲ ಅಂತ ಗೋಜಲಾಗುತ್ತದೆ.

ಇನ್ನೊಂದು. ಸರ್ವರ್ ಮಟ್ಟದಲ್ಲೇ ಇಟ್ಟಿರುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇದ್ದರೆ ಡಾಟ್ ಎನ್ವ್ ಅದನ್ನು ಅಳಿಸುವುದಿಲ್ಲ. ಹಿಂದೆ ಯಾರಾದರೂ ಡೇಟಾಬೇಸ್ ಹೆಸರನ್ನು ಇಡೀ ಸರ್ವರ್‌ಗೆ ಕೊಟ್ಟಿದ್ದರೆ ನೀವು ಫೈಲಿನಲ್ಲಿ ಎಷ್ಟು ತಿದ್ದಿದರೂ ಹಳೆಯದೇ ಗೆಲ್ಲುತ್ತದೆ.

ಕುಕೀ ಜಗಳ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಾನು ಎರಡು ದಿನ ಕಳೆದಿದ್ದೇನೆ.

ಶುರುವಿನಲ್ಲಿ ಸಬ್‌ಡೊಮೈನ್ ಮಾಡುವ ರಗಳೆ ಬೇಡ ಅಂತ ಒಂದೇ ಡೊಮೈನ್ ಕೆಳಗೆ ಓರೆಗೆರೆ ಹಾಕಿ ಮಂಟಪ, ಓರೆಗೆರೆ ಹಾಕಿ ಹಾಸ್ಟೆಲ್ ಅಂತ ಇಟ್ಟಿದ್ದೆ. ಮಂಟಪದ ಮ್ಯಾನೇಜರೇ ಹಾಸ್ಟೆಲ್ ಫೀಸನ್ನೂ ನೋಡುತ್ತಿದ್ದರು. ಒಂದು ದಿನ ಫೋನ್ ಬಂತು.

"ಏನ್ ಸರ್ ಇದು, ಈ ಕಡೆ ಲಾಗಿನ್ ಆದ್ರೆ ಆ ಕಡೆ ಹೊರಗೆ ಹಾಕ್ತೈತೆ!"

ನಾನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಮಂಟಪ ಸರಿ. ಹಾಸ್ಟೆಲ್ ಸರಿ. ನಾನು ಒಂದೊಂದನ್ನೇ ತೆರೆದು ನೋಡುತ್ತಿದ್ದೆ, ಅವರು ಎರಡನ್ನೂ ಅಕ್ಕಪಕ್ಕದ ಟ್ಯಾಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇದು ಹೊಳೆಯಲಿಕ್ಕೇ ಒಂದು ದಿನ ಹಿಡಿಯಿತು.

ಆಗುತ್ತಿದ್ದದ್ದು ಇಷ್ಟು. ಕೋಡ್‌ಇಗ್ನೈಟರ್‌ನ ಸೆಷನ್ ಕುಕೀಗೆ (ಲಾಗಿನ್ ಆದವರ ಗುರುತಿಗೆ ಬ್ರೌಸರ್‌ನಲ್ಲಿ ಇಡುವ ಚೀಟಿ) ಮೊದಲೇ ಒಂದು ಹೆಸರಿರುತ್ತದೆ: ಸಿಐ ಅಂಡರ್‌ಸ್ಕೋರ್ ಸೆಷನ್. ಎರಡೂ ಆ್ಯಪ್‌ನಲ್ಲಿ ಅದೇ ಹೆಸರು, ಡೊಮೈನ್ ಒಂದೇ, ಪಾತ್ ಬರೀ ಓರೆಗೆರೆ. ಬ್ರೌಸರ್‌ಗೆ ಅದು ಒಂದೇ ಕುಕೀ. ಮಂಟಪದಲ್ಲಿ ಲಾಗಿನ್ ಆದಾಗ ಹೊಸ ಸೆಷನ್ ಐಡಿ ಬಂದು ಕುಕೀಯಲ್ಲಿ ಕೂರುತ್ತದೆ. ಹಾಸ್ಟೆಲ್ ಟ್ಯಾಬ್ ಒತ್ತಿದರೆ ಆ ಐಡಿ ಅಲ್ಲಿಗೆ ಹೋಗುತ್ತದೆ. ಹಾಸ್ಟೆಲ್ ತನ್ನ ರೈಟಬಲ್ ಫೋಲ್ಡರಿನಲ್ಲಿ ಹುಡುಕುತ್ತದೆ, ಅಂಥ ಸೆಷನ್ನೇ ಇಲ್ಲ. ಲಾಗಿನ್ ಪೇಜ್ ತೋರಿಸುತ್ತದೆ. ಲಾಗಿನ್ ಆಗದೆ ಸುಮ್ಮನಿದ್ದರೂ ತಪ್ಪಿದ್ದಲ್ಲ. ಕೋಡ್‌ಇಗ್ನೈಟರ್ 300 ಸೆಕೆಂಡಿಗೊಮ್ಮೆ ಸೆಷನ್ ಐಡಿಯನ್ನು ತಾನೇ ಬದಲಿಸುತ್ತದೆ. ಐದು ನಿಮಿಷಕ್ಕೊಮ್ಮೆ ಒಬ್ಬರು ಇನ್ನೊಬ್ಬರನ್ನು ತಳ್ಳಿದ ಹಾಗೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡೂ ಆ್ಯಪ್ ಸೆಷನ್ ಇಡುವ ಜಾಗವನ್ನೂ ಹಂಚಿಕೊಂಡಿದ್ದವು ಅಂದುಕೊಳ್ಳಿ. ಎರಡರಲ್ಲೂ ಲಾಗಿನ್ ಆದವರ ಗುರುತು 'ಯೂಸರ್ ಐಡಿ' ಅನ್ನುವ ಒಂದೇ ಹೆಸರಿನಲ್ಲಿ. ಆಗ ಮಂಟಪದಲ್ಲಿ 7ನೇ ನಂಬರಿನ ಅಡುಗೆಯವರು ಲಾಗಿನ್ ಆದರೆ ಹಾಸ್ಟೆಲ್ ಆ್ಯಪ್ ಅವರನ್ನು ತನ್ನ 7ನೇ ನಂಬರಿನ ವಾರ್ಡನ್ ಅಂತ ಒಳಗೆ ಬಿಟ್ಟುಕೊಳ್ಳುತ್ತದೆ. ಯಾರೂ ಫೋನ್ ಮಾಡಿ ದೂರು ಹೇಳುವುದಿಲ್ಲ.

ಪರಿಹಾರ: ಸಾಧ್ಯ ಇದ್ದರೆ ಸಬ್‌ಡೊಮೈನ್ ಮಾಡಿ. ಕುಕೀ ಡೊಮೈನ್ ಖಾಲಿ ಬಿಡಿ. ಚುಕ್ಕಿ ಇಟ್ಟು ಇಡೀ ಡೊಮೈನ್ ಬರೆದರೆ ಅದೇ ಜಗಳ ವಾಪಸ್. ಇದರ ಮೇಲೆ ಸೆಷನ್ ಕಾನ್ಫಿಗ್‌ನಲ್ಲಿ ಕುಕೀ ಹೆಸರನ್ನು ಒಂದೊಂದಕ್ಕೂ ಬೇರೆ ಕೊಡಿ. ಸೆಕ್ಯುರಿಟಿ ಕಾನ್ಫಿಗ್‌ನಲ್ಲಿ ಸಿಎಸ್‌ಆರ್‌ಎಫ್ ಕುಕೀಗೂ (ಫಾರಂ ನಮ್ಮ ಪೇಜಿನಿಂದಲೇ ಬಂತೇ ಅಂತ ಪರೀಕ್ಷಿಸಲು ಇಡುವುದು) ಬೇರೆ ಹೆಸರು. ಅದನ್ನು ಬಿಟ್ಟರೆ ಫಾರಂ ತುಂಬಿ ಸೇವ್ ಒತ್ತಿದಾಗ ಆ್ಯಪ್ ಅದನ್ನು ತಿರಸ್ಕರಿಸುತ್ತದೆ, ಅದೂ ಆಗೊಮ್ಮೆ ಈಗೊಮ್ಮೆ.

ಕ್ಯಾಶ್ (ಪದೇ ಪದೇ ಬೇಕಾಗುವುದನ್ನು ತಾತ್ಕಾಲಿಕವಾಗಿ ಇಡುವ ಜಾಗ) ಕೂಡ ಇದೇ ಜಾತಿ. ಫೈಲ್ ಕ್ಯಾಶ್ ಆದರೆ ಆಯಾ ರೈಟಬಲ್ ಒಳಗೇ ಇರುತ್ತದೆ, ಚಿಂತೆ ಇಲ್ಲ. ಮೂರಕ್ಕೂ ಒಂದೇ ರೆಡಿಸ್ (ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕ್ಯಾಶ್ ಸರ್ವರ್) ಹಾಕಿದಿರೋ, ಕ್ಯಾಶ್ ಕಾನ್ಫಿಗ್‌ನ ಪ್ರಿಫಿಕ್ಸ್ ಮೊದಲೇ ಖಾಲಿ ಇರುತ್ತದೆ. ಮೂರೂ ಆ್ಯಪ್ 'ಸೆಟ್ಟಿಂಗ್ಸ್' ಅನ್ನುವ ಒಂದೇ ಕೀಯಲ್ಲಿ ತಮ್ಮ ಹೆಸರು, ವಿಳಾಸ ಇಡುತ್ತವೆ. ನನ್ನಲ್ಲಿ ಹಾಸ್ಟೆಲ್‌ನ ಫೀ ರಸೀದಿ ಕಲ್ಯಾಣ ಮಂಟಪದ ಹೆಸರಿನಲ್ಲಿ ಪ್ರಿಂಟಾಯಿತು. ಹುಡುಗರ ತಂದೆ ತಾಯಿ ಏನಂದುಕೊಂಡರೋ.

ಕ್ರಾನ್

ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಆದೇಶ ಓಡಿಸುವ ಲಿನಕ್ಸ್ ವ್ಯವಸ್ಥೆ) ಮೊದಲು ಆಯಾ ಆ್ಯಪ್ ಫೋಲ್ಡರಿಗೆ ಹೋಗಿ ಆಮೇಲೆ ಸ್ಪಾರ್ಕ್ ಕರೆಯಿರಿ, ಆಯಾ ಯೂಸರ್‌ನ ಕ್ರಾನ್‌ನಲ್ಲೇ. ರೂಟ್ ಕ್ರಾನ್‌ನಲ್ಲಿ ಓಡಿಸಿದರೆ ಲಾಗ್ ಫೈಲು ರೂಟ್ ಹೆಸರಿನಲ್ಲಿ ಹುಟ್ಟುತ್ತದೆ. ಬೆಳಗ್ಗೆ ವೆಬ್ ಕಡೆಯಿಂದ ಅದಕ್ಕೆ ಬರೆಯಲು ಆಗುವುದಿಲ್ಲ.

ಹೊಸ ಆವೃತ್ತಿ ಬಂದಾಗ

ಕಾಮನ್ ಪಕ್ಕದ 1 ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಮನ್-1 ಒಳಗೆ ನಿಂತು ಕಂಪೋಸರ್ ಅಪ್‌ಡೇಟ್ ಕೊಟ್ಟರೆ ಅದೇ ಕ್ಷಣ ಮೂರೂ ಆ್ಯಪ್ ಹೊಸ ಫ್ರೇಮ್‌ವರ್ಕ್ ಮೇಲೆ ಓಡತೊಡಗುತ್ತವೆ. ಸಣ್ಣ ತಿದ್ದುಪಡಿ ಆದರೆ ಬಹುತೇಕ ಏನೂ ಆಗುವುದಿಲ್ಲ. ದೊಡ್ಡ ಜಿಗಿತ ಆದರೆ ಆ್ಯಪ್ ಒಳಗಿನ ಕಾನ್ಫಿಗ್ ಫೈಲುಗಳಲ್ಲೂ ಬದಲಾವಣೆ ಇರುತ್ತದೆ. ಕಂಪೋಸರ್ ಅವನ್ನು ಮುಟ್ಟುವುದಿಲ್ಲ. ಮೂರು ಕಡೆ ನೀವೇ ಕೈಯಾರೆ ಸೇರಿಸಬೇಕು.

ಹಾಗಾಗಿ ಪಕ್ಕದಲ್ಲಿ ಕಾಮನ್-2 ಮಾಡಿ, ಅಲ್ಲಿಗೆ ಹೊಸ ಆವೃತ್ತಿ ತರಿಸಿ. ಜನ ಕಮ್ಮಿ ಇರುವ ಆ್ಯಪ್ ಮೊದಲು. ಮದುವೆ ಮುಹೂರ್ತ ಇಲ್ಲದ ದಿನಗಳಲ್ಲಿ ನಾನು ಮಂಟಪದಿಂದ ಶುರುಮಾಡುತ್ತೇನೆ. ಕಾನ್ಫಿಗ್ ತಿದ್ದಿ, ಆ ಎರಡು ಸಾಲಿನಲ್ಲಿ 1 ಇದ್ದಲ್ಲಿ 2 ಹಾಕುತ್ತೇನೆ. ಒಂದು ವಾರ ರೈಟಬಲ್ ಒಳಗಿನ ಲಾಗ್ ನೋಡುತ್ತೇನೆ. ತೊಂದರೆ ಬಂದರೆ 2 ಅಳಿಸಿ 1. ಸರಿ ಇದ್ದರೆ ಹಾಸ್ಟೆಲ್, ಕೊನೆಗೆ ಮಂಡಿ. ಮಂಡಿಯನ್ನು ಅಕ್ಟೋಬರ್, ನವೆಂಬರ್‌ನಲ್ಲಿ ಮುಟ್ಟುವ ಧೈರ್ಯ ನನಗಿಲ್ಲ. ಮೂರೂ ದಾಟಿದ ಮೇಲೆ ಕಾಮನ್-1 ಅಳಿಸುತ್ತೇನೆ. ಅಳಿಸುವುದನ್ನು ಮರೆತರೆ ಕಥೆ ಮತ್ತೆ ಶುರುವಿಗೆ ಬಂತು.

ಕಾಮನ್‌ನಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಲು ಸಾಧ್ಯ. ಮಂಡಿಗೆ ಹಳೆಯ ಪಿಡಿಎಫ್ ಲೈಬ್ರರಿ, ಹಾಸ್ಟೆಲ್‌ಗೆ ಹೊಸದು ಬೇಕು ಅಂದರೆ ಜಗ್ಗಾಡಬೇಡಿ. ಒಂದನ್ನು ಬೇರೆ ಮಾಡಿ. ಹಾಗೆಯೇ ಹಣದ ವಹಿವಾಟು ಜಾಸ್ತಿ ಇರುವ ಆ್ಯಪ್ ಆದರೆ ಮೊದಲಿನಿಂದಲೇ ಅದಕ್ಕೆ ಸ್ವಂತ ಸರ್ವರ್ ಕೊಡಿ. ಹಂಚಿಕೆ ಸಣ್ಣವರಿಗೆ.

ಬೇರೆ ಮಾಡುವುದು

ಹೋದ ವರ್ಷ ಮಂಡಿಯವರಿಗೆ ವ್ಯಾಪಾರ ಬೆಳೆಯಿತು. ನಮ್ಮದೇ ಸರ್ವರ್ ಬೇಕು ಅಂದರು. ಮಂಡಿ ಫೋಲ್ಡರನ್ನು ಹೊಸ ಸರ್ವರ್‌ಗೆ ಒಯ್ದೆ. ಕಾಮನ್ ಒಳಗಿನ ವೆಂಡರ್, ಕಂಪೋಸರ್ ಜೇಸನ್, ಲಾಕ್ ಮೂರನ್ನೂ ಅದರೊಳಗೇ ನಕಲು ಮಾಡಿದೆ. ಡೇಟಾಬೇಸ್ ಡಂಪ್ ತೆಗೆದು ಹಾಕಿದೆ. ಬೇಸ್ ಯುಆರ್‌ಎಲ್ ಬದಲಿಸಿದೆ. ಪಾತ್ಸ್‌ನಲ್ಲಿ ಒಂದು ಜೋಡಿ ಚುಕ್ಕಿ, ಕಾನ್ಸ್ಟಂಟ್ಸ್‌ನಲ್ಲಿ ಒಂದು ಜೋಡಿ ಚುಕ್ಕಿ, ಎರಡರಲ್ಲೂ ಕಾಮನ್ ಅನ್ನುವ ಹೆಸರು ಅಳಿಸಿದೆ. ಸ್ಪಾರ್ಕ್ ಆವೃತ್ತಿ ತೋರಿಸಿತು. ಪಿಡಿಎಫ್ ಬಿಲ್ ಒತ್ತಿದೆ, ಬಂತು. ಗುಮಾಸ್ತರಿಗೆ ಹೊಸ ವಿಳಾಸ ವಾಟ್ಸಾಪ್ ಮಾಡಿದೆ.